ಪೆಟ್ರೋಲು ಮುಗಿಯುವವರೆಗೆ

ರಿಹಾನ ವಾಡಿ ಊರು ಬಿಟ್ಟು ಹೋಗಲು ಉಳಿದದ್ದು ಅದೊಂದೇ ಮಧ್ಯಾಹ್ನ. ಆಟದ ಕಾರಿನ ಎಂಜಿನ್ ನೋಡಿದರೆ ಬಿಗಿದುಕೊಂಡು ಕೂತಿತ್ತು. ಉಮಾದೇವಿ ಸ್ಟಾರ್ಟರಿನ ದಾರ ಹಿಡಿದು ಎಳೆದಳು. ಬರಲಿಲ್ಲ. ಕಾರನ್ನು ಕಾಲಿನಿಂದ ಅದುಮಿಕೊಂಡು ಎರಡೂ ಕೈಯಿಂದ ಜಗ್ಗಿದಳು. ದಾರ ಅಂಗೈ ಕೊರೆಯಿತೇ ಹೊರತು ಒಳಗೆ ಏನೂ ಅಲುಗಲಿಲ್ಲ.

"ಬಿಡು ಬೇ, ದಾರ ಹರೀತದ," ಎಂದಳು ರಿಹಾನ.

"ಹ್ವಾದ ಐತವಾರ ಹೆಂಗ ಚಾಲೂ ಆಗಿತ್ತು, ನೀನೇ ನೋಡೀದಿ."

"ಆಗಿತ್ತು ಖರೆ. ಆದ್ರ ಬಜಿ ಕರ್ದಂಗ ವಾಸನಿ ಬಂತಲ್ಲ, ಆವಾಗೇ ನಂಗ ಡೌಟ್ ಬಂದಿತ್ತು."

ಅಂಗಳದ ಫರ್ಸಿ ಕಲ್ಲಿನ ಮೇಲೆ ಇಬ್ಬರೂ ಕಾರಿನ ಆಚೀಚೆ ಕುಂತರು. ಮೊಳಕ್ಕಿಂತ ತುಸು ಉದ್ದದ ಕಾರು ಅದು. ಉಮಾದೇವಿಯ ಅಡುಗೆಮನೆಯ ಹಳೇ ಕಬ್ಬಿಣದ ರ‍್ಯಾಕ್ ಕತ್ತರಿಸಿ ಅದರ ಪಟ್ಟಿಯಿಂದ ಚೌಕಟ್ಟು ಮಾಡಿದ್ದರು. ಎಂಜಿನ್ ತೊಗರಿ ಹೊಲದಲ್ಲಿ ಕಳೆ ಕತ್ತರಿಸುವ ಮಷೀನಿನದು. ಸುಲೇಪೇಟದಲ್ಲಿ ಇಂಥ ಮಷೀನುಗಳ ರಿಪೇರಿ ಅಂಗಡಿ ಇಟ್ಟಿರುವ ರಿಹಾನಳ ತಮ್ಮ ಮೌಲಾಲಿ, ಅಲಗು ಮುರಿದ ಒಂದನ್ನು ಅಕ್ಕನಿಗೆ ಕೊಟ್ಟಿದ್ದ. ಮುಂದಿನ ಗಾಲಿ ಮಕ್ಕಳ ಸೈಕಲ್ಲಿನ ಆಸರೆ ಗಾಲಿ. ಹಿಂದಿನವು ಯಾರೋ ಎಸೆದ ಟ್ರಾಲಿಯವು. ಪೆಟ್ರೋಲಿಗೆ ಟಾನಿಕ್ ಬಾಟಲಿ. ಗಾಲಿ ತಿರುಗಿಸುವ ಮತ್ತು ಎಂಜಿನ್ನಿನ ವೇಗ ಏರಿಸಿ ಇಳಿಸುವ ಎರಡು ಸಣ್ಣ ಮೋಟರು, ಅವಕ್ಕೊಂದು ರಿಮೋಟು, ಇಷ್ಟನ್ನು ಮಾತ್ರ ಹೊಸದಾಗಿ ಕೊಂಡಿದ್ದರು. ರಿಹಾನ ಬ್ಲೌಸ್ ಹೊಲಿದು, ಉಮಾದೇವಿ ಖಡಕ್ ರೊಟ್ಟಿ ಮಾರಿ ಉಳಿಸಿದ್ದು ಅದಕ್ಕೆ ಸರಿಹೋಗಿತ್ತು.

ಐತವಾರ ಚಾಲೂ ಮಾಡಿದ್ದು ಚೌಕಟ್ಟನ್ನು ಇಟ್ಟಂಗಿ ಮೇಲೆ ಎತ್ತಿಟ್ಟು. ಗಾಲಿಗಳು ಗಾಳಿಯಲ್ಲಿ ತಿರುಗಿದ್ದವು. ನೆಲದ ಮೇಲೆ ಅದು ಇನ್ನೂ ಒಮ್ಮೆಯೂ ಓಡಿರಲಿಲ್ಲ. ಆಮೇಲೆ ರಿಹಾನ ಸಾಮಾನು ಕಟ್ಟುವುದರಲ್ಲಿ ಮುಳುಗಿದಳು. ಕಾರು ಅಂಗಳದ ಬಿಸಿಲಲ್ಲಿ ಹಾಗೇ ಕೂತಿತು.

ರಿಹಾನಳ ಮಗಳು ಮೆಹತಾಬ್ ನಾಂದೇಡಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಈಗ ಬಸುರಿ. ನನ್ನ ಬಾಣಂತನ ಮಾಡಲು ಬಾ, ಆಮೇಲೂ ಇಲ್ಲೇ ಇದ್ದುಬಿಡು ಅಮ್ಮಿ, ಅಂದಿದ್ದಳು. ಗಂಡ ತೀರಿದ ಮೇಲೆ ಒಬ್ಬಳೇ ಇದ್ದ ರಿಹಾನಳಿಗೆ ಬೇಡ ಎನ್ನಲು ಕಾರಣವಿರಲಿಲ್ಲ. ಬಾಡಿಗೆ ಮನೆ ಬಿಡುತ್ತೇನೆಂದು ಹೇಳಿಯಾಗಿತ್ತು. ಹೊಲಿಗೆ ಮಷೀನನ್ನೂ ಮಾರಿಯಾಗಿತ್ತು. ಅಮ್ಮನನ್ನು ಕರೆದೊಯ್ಯಲು ಮಗಳು ನಿನ್ನೆಯೇ ಬಂದು ಕೂತಿದ್ದಳು. ಬೆಳಗಾದರೆ ರೈಲು.

ಉಮಾದೇವಿ ಬೇಡಿಕೊಂಡದ್ದು ಒಂದೇ. ರೈಲು ಹತ್ತುವ ಮೊದಲು ರಿಹಾನಳ ಕೈಯಲ್ಲಿ ರಿಮೋಟು ಇರಬೇಕು, ಕಾರು ನೆಲದ ಮೇಲೆ ಓಡಬೇಕು. ಹೋದಮೇಲೆ ಓಡಿದರೆ ಅದು ಬರೀ ಒಂದು ಕಾರು.

ಇದೆಲ್ಲ ಶುರುವಾದದ್ದು ಶಹಾಬಾದಿನಲ್ಲಿ. ಉಮಾದೇವಿಯ ಅಪ್ಪ ಅಲ್ಲಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ, ರಿಹಾನಳ ಅಬ್ಬಾ ಫರ್ಸಿ ಪಾಲಿಶ್ ಮಾಡುತ್ತಿದ್ದ. ಇಬ್ಬರೂ ಐದನೇ ಈಯತ್ತೆಯಲ್ಲಿದ್ದಾಗ ಸಾಹೇಬರ ಕ್ಲಬ್ಬಿನ ಮೈದಾನದಲ್ಲಿ ಒಬ್ಬ ಇಂಜಿನಿಯರ್ ಪರದೇಶದಿಂದ ತಂದ ಪೆಟ್ರೋಲ್ ಕಾರು ಬಿಟ್ಟಿದ್ದ. ಕಂಪೌಂಡಿನ ಮೇಲೆ ಹೊಟ್ಟೆ ಊರಿ ಇಬ್ಬರೂ ನೋಡಿದ್ದರು. ಅಷ್ಟು ಸಣ್ಣ ವಸ್ತು ಅಷ್ಟು ದೊಡ್ಡ ಸಪ್ಪಳ ಮಾಡುವುದನ್ನು ಉಮಾದೇವಿ ಮೊದಲ ಸಲ ಕಂಡದ್ದು. ಹೆಣ್ಣುಮಕ್ಕಳ ಕಿವಿಗೆ ಸದಾ 'ಸಪ್ಪಳ ಮಾಡಬ್ಯಾಡ' ಎಂಬ ಮಾತೇ ಬೀಳುತ್ತಿದ್ದ ಕಾಲ. ಮನೆಗೆ ಬಂದವರೇ ಹವಾಯಿ ಚಪ್ಪಲಿ ಕೊಯ್ದು ಗಾಲಿ ಮಾಡಿ, ಬೆಂಕಿಪೆಟ್ಟಿಗೆಗೆ ಕಡ್ಡಿ ಚುಚ್ಚಿ ಗಾಡಿ ಕಟ್ಟಿದ್ದರು. ಚಪ್ಪಲಿ ಉಮಾದೇವಿಯ ಅವ್ವನದು. ಬೆನ್ನಿಗೆ ಬಿದ್ದ ಏಟು ಇಬ್ಬರಿಗೂ ಸಮ ಸಮ.

ಹತ್ತನೇ ಈಯತ್ತೆ ಮುಗಿಯುತ್ತಲೇ ರಿಹಾನಳ ನಿಕಾಹ್ ಆಯಿತು. ಮರುವರ್ಷ ಉಮಾದೇವಿಯ ಮದುವೆ. ವಾಡಿಗೆ ಬಂದ ಹೊಸತರಲ್ಲಿ ರೇಶನ್ ಅಂಗಡಿಯ ಪಾಳಿಯಲ್ಲಿ ಯಾರೋ ಹಿಂದಿನಿಂದ ಉಮಾದೇವಿಯ ಜಡೆ ಜಗ್ಗಿದರು. ಸಿಟ್ಟಿನಿಂದ ತಿರುಗಿ ನೋಡಿದರೆ ರಿಹಾನ; ಅವಳನ್ನು ಕೊಟ್ಟದ್ದೂ ಇದೇ ಊರಿಗೆ. ಅಂದಿನಿಂದ ಒಂದೇ ಓಣಿ.

ಕಾರು ಕಟ್ಟುವ ಮಾತು ಬಂದದ್ದು ಮಾತ್ರ ಹೋದ ಬೇಸಿಗೆಯಲ್ಲಿ. ಮೌಲಾಲಿಯ ಅಂಗಡಿಯಲ್ಲಿ ಆ ಎಂಜಿನ್ನಿನ ಸಪ್ಪಳ ಕೇಳಿ ಬಂದ ರಿಹಾನ, "ಉಮಾ, ಅದೇ ಆವಾಜ಼್ ಬೇ," ಅಂದಿದ್ದಳು. ಯಾವುದು ಎಂದು ಉಮಾದೇವಿ ಕೇಳಲಿಲ್ಲ.

ಆಮೇಲಿನ ಮಧ್ಯಾಹ್ನಗಳೆಲ್ಲ ಅಂಗಳದಲ್ಲೇ ಕಳೆದವು. ರೊಟ್ಟಿ ತಟ್ಟಿ ಮುಗಿಸಿ, ಕೈಗಂಟಿದ ಹಿಟ್ಟು ತೊಳೆದು, ಅದೇ ಕೈಗೆ ಗ್ರೀಸು. ಉಮಾದೇವಿಯ ಗಂಡ ಶಾಂತಕುಮಾರ ಕೆಲಸದಿಂದ ಬಂದವನು ನೋಡಿ, "ಮುಂದಿನ ವರ್ಷ ವಿಮಾನ ಮಾಡ್ತೀರೇನ್ರಿ?" ಅನ್ನುತ್ತಿದ್ದ. ಕೆಟ್ಟವನಲ್ಲ. ಆದರೆ ಮೂವತ್ತು ವರ್ಷದ ಸಂಸಾರದಲ್ಲಿ ಅವನು ಕೇಳಿದ್ದೆಲ್ಲ ಚಹಾ ಆಯ್ತೇನು, ಅಂಗಿ ಎಲ್ಲದ, ಇಷ್ಟೇ. 'ಈ ಚೈನು ಇಷ್ಟು ಬಿಗಿ ಸಾಕೋ, ನಿಂಗ ಏನನಸ್ತದ?' ಎಂದು ರಿಹಾನ ಕೇಳಿದಾಗ ಉಮಾದೇವಿ ಚೈನನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದ್ದಳು. ತನಗೇನು ಅನಿಸುತ್ತದೆ ಎಂದು ಒಳಗೆ ಹುಡುಕಿ ನೋಡುವ ರೂಢಿಯೇ ತಪ್ಪಿಹೋಗಿತ್ತು. ಉತ್ತರ ಮೆಲ್ಲಗೆ ಬಂತು. ಚೈನಿನಿಂದ ಶುರುವಾದದ್ದು ಎಲ್ಲೆಲ್ಲಿಗೋ ಹೋಯಿತು. ಕೆಲವು ದಿನ ಕಾರು ಮುಗಿಯುವುದೇ ಬೇಡ ಅನ್ನಿಸಿದ್ದೂ ಇತ್ತು.

"ಬಿಚ್ಚೂಣು," ಎಂದಳು ಈಗ.

"ಈಗ? ಅಲ್ಲಿ ಮೆಹತಾಬ್ ನನ್ನ ಹುಡುಕ್ಯಾಡಾಕತ್ತಾಳ."

"ಹುಡುಕ್ಲಿ. ಪಾನಾ ಕೊಡು."

ಬೋಲ್ಟು ಸಡಿಲಿಸಿ ಸಿಲಿಂಡರ್ ಮೇಲೆತ್ತಲು ಇಬ್ಬರೂ ಹಗೂರಕ್ಕೆ ಬಡಿದು, ಅಲ್ಲಾಡಿಸಿ, ಬೆವರಿದರು. ಕಡೆಗೆ ಪಿಸ್ಟನ್ ಕಂಡಿತು. ಸುತ್ತಲೂ ಬೆಲ್ಲದ ಪಾಕ ಒಣಗಿದಂಥ ಕೆಂಚು ಅಂಟು. ಉಮಾದೇವಿ ಉಗುರಿನಿಂದ ಕೆರೆದು ಮೂಗಿಗೆ ಹಿಡಿದಳು. ಈ ವಾಸನೆಯನ್ನು ಅವಳು ನಿದ್ದೆಯಲ್ಲೂ ಗುರುತಿಸಬಲ್ಲಳು.

"ಕುಸುಬಿ ಎಣ್ಣಿ."

"ಎಂಜಿನ್ನಿನ್ಯಾಗ?"

ಬಾಗಿಲ ಬಳಿ ಹೊರಸಿನ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ಉಮಾದೇವಿಯ ಅತ್ತೆ ಬಸಲಿಂಗಮ್ಮ ತಲೆ ಎತ್ತದೆ ಹೇಳಿದಳು, "ಅದು ನಾ ಹಾಕೀನಿ."

ಇಬ್ಬರೂ ಅವಳ ಕಡೆ ತಿರುಗಿದರು.

"ಪೆಟ್ರೋಲಿನ್ಯಾಗ ಕೂಡಸ್ತಿದ್ರಲ್ಲ, ಆ ಹಸರ ಎಣ್ಣಿ ಬಾಟ್ಲಿ, ಅದು ತಳ ಕಂಡಿತ್ತು. ಅಷ್ಟು ತುಟ್ಟಿ ಎಣ್ಣಿ ಮತ್ತ ಯಾಕ ತರ್ಬೇಕಂತ ಗಾಣದ ಎಣ್ಣಿ ತುಂಬಿಟ್ಟೆ. ಚೊಕ್ಕ ಎಣ್ಣಿ ಅದು, ಕಲಬೆರಕಿ ಅಲ್ಲ."

"ಯವ್ವಾ, ಕೇಳಬಾರ್ದೇನ್ರಿ ಒಂದ ಮಾತು?" ಎಂದಳು ಉಮಾದೇವಿ.

"ಏನ್ ಕೇಳೋದು? ನಿಮ್ಮ ಮಾವನ ಬಂಡಿ ಗಾಲಿಗಿ ಅದೇ ಹಾಕೀವಿ. ಬಾಗಿಲಿನ ತಿರುಗಣಿಗಿ ಅದೇ. ನಿಮ್ಮ ತಲಿಗಿ ಅದೇ. ಈ ರಿಹಾನಾನ ಹೊಲಿಗಿ ಮಷೀನಿಗೂ ಒಮ್ಮಿ ನಾನೇ ಹಾಕಿಕೊಟ್ಟೀನಿ."

"ಅದಕ್ಕೇನ್ ಆಯಿ, ಆ ಮಷೀನು ನನ್ನ ಜೋಡಿ ಆರ ತಿಂಗಳು ಮಾತು ಬಿಟ್ಟಿದ್ದು?" ಎಂದಳು ರಿಹಾನ. ಹೇಳುತ್ತ ಹೇಳುತ್ತ ನಗೆ ತಡೆಯಲಾಗದೆ ಪಾನಾ ಕೆಳಗಿಟ್ಟಳು.

ಉಮಾದೇವಿಗೆ ನಗು ಬರಲಿಲ್ಲ. ಕುಸುಬಿ ಎಣ್ಣೆ ಬಿಸಿ ಕಂಡು ಗಾಳಿಗೆ ಬಿದ್ದರೆ ಏನಾಗುತ್ತದೆ ಎಂಬುದು ಬಾಣಲೆ ತಿಕ್ಕಿದ ಹೆಂಗಸಿಗೆ ಗೊತ್ತು. ಬಾಣಲೆಯ ಅಂಚಿಗೆ ವಾರ್ನಿಶಿನಂತೆ ಹಿಡಿದು ಕೂರುತ್ತದೆ. ಐತವಾರದ ಬಿಸಿ, ಆಮೇಲೆ ಇಷ್ಟು ದಿನದ ಬಿಸಿಲು. ಅತ್ತೆಯ ಮೇಲೆ ಸಿಟ್ಟು ಬಂತು. ಆಡಿದರೆ ಇಷ್ಟು ವರ್ಷದ್ದೆಲ್ಲ ಹೊರಗೆ ಬಂದೀತು ಎಂದು ಹೆದರಿ ಚಿಂದಿ ಬಟ್ಟೆ ಹುಡುಕಿದಳು.

ಬಸಲಿಂಗಮ್ಮ ಬೆಳ್ಳುಳ್ಳಿಯ ಮೊರ ಬದಿಗಿಟ್ಟು, ಮೊಣಕಾಲು ಹಿಡಿದುಕೊಂಡು ಎದ್ದು ಬಂದು ಅವರ ನಡುವೆ ಕೂತಳು. "ಕೊಡ್ರಿ ಇತ್ತಕಡಿ. ಅಂಟು ತೆಗೆಯೋದು ನಂಗೇನ್ ಹೊಸಾದಲ್ಲ."

ಪೆಟ್ರೋಲಿನಲ್ಲಿ ಬಟ್ಟೆ ಅದ್ದಿ ನೆನೆಸಿದರು. ಬೇವಿನ ಕಡ್ಡಿ ಚೂಪು ಮಾಡಿ ಪಿಸ್ಟನ್ನಿನ ಉಂಗುರದ ಸಂದು ಕೆರೆದರು. ಕಬ್ಬಿಣ ತಾಗಿಸಬೇಡ ಎಂದು ರಿಹಾನ, ಒತ್ತಿ ತಿಕ್ಕು ಎಂದು ಬಸಲಿಂಗಮ್ಮ, ಇಬ್ಬರ ನಡುವೆ ಉಮಾದೇವಿ. ಮೆಹತಾಬಳ ಫೋನು ಬಂತು. ಚಾದರ ಎಲ್ಲಿಟ್ಟಿ ಅಮ್ಮಿ, ಎಂದು ಕೇಳಿದಳು. ತುಸು ಹೊತ್ತಿಗೆ ಮತ್ತೆ ಬಂತು. "ಆತಾಂವ್ ಬೇಟಾ, ಈಗ ಬಂದೆ," ಎಂದು ರಿಹಾನ ಕಡ್ಡಿ ಬಿಡದೆ ಭುಜ ಮತ್ತು ಕೆನ್ನೆಯ ನಡುವೆ ಫೋನು ಹಿಡಿದು ಹೇಳಿದಳು. ಸಿಲಿಂಡರಿನೊಳಗೆ ಮತ್ತೆ ಕೂರಿಸಿದಾಗ ಪಿಸ್ಟನ್ ಮೊದಲು ಕೂದಲೆಳೆಯಷ್ಟು, ಆಮೇಲೆ ಸರಾಗ ಜಾರಿತು. ಬೋಲ್ಟು ಬಿಗಿದರು.

ಉಮಾದೇವಿ ಓಣಿ ಮೂಲೆಯ ಇಸಾಕನ ಮೋಟರ್ ಸೈಕಲ್ ರಿಪೇರಿ ಅಂಗಡಿಗೆ ಹೋಗಿ ಸರಿಯಾದ ಎಣ್ಣೆಯ ಪೊಟ್ಟಣ ತಂದಳು. ಹಳೆಯ ಪೆಟ್ರೋಲು ಚೆಲ್ಲಿ ಹೊಸತನ್ನು ಕೂಡಿಸಿ ಬಾಟಲಿ ತುಂಬಿಸಿದಳು. ಗಾಳಿ ಮತ್ತು ಪೆಟ್ರೋಲು ಬೆರೆಸುವ ಕಾರ್ಬೊರೇಟರನ್ನೂ ಬಿಚ್ಚಿ ತೊಳೆಯಬೇಕಿತ್ತು. ಹೊತ್ತು ಇಳಿಯುತ್ತಿತ್ತು. ಹೊರಗಿನಿಂದ ಒರೆಸಿ ಬಿಟ್ಟರು.

ಓಣಿಯ ಹಿಂದೆ ಹಳೆಯದೊಂದು ಫರ್ಸಿ ಅಡ್ಡೆ ಇತ್ತು. ಈಗ ಅಲ್ಲಿ ಕೆಲಸವಿಲ್ಲ. ಗಟ್ಟಿ ನೆಲ, ಅಂಚಿಗೆ ಒಡೆದ ಕಲ್ಲಿನ ರಾಶಿ, ಒಂದು ಕಡೆ ಮರಳಿನ ಗುಡ್ಡೆ. ಕಾರನ್ನು ಇಬ್ಬರೂ ಹಿಡಿದು ತಂದು ನಡುವೆ ಇಟ್ಟರು. ಬಸಲಿಂಗಮ್ಮ ಹಿಂದಿನಿಂದ ಬಂದು ಕಲ್ಲಿನ ಮೇಲೆ ಕೂತಳು.

ದಾರ ಎಳೆದಾಗ ಎಂಜಿನ್ ಕೆಮ್ಮಿತು. ಮತ್ತೆ ಎಳೆದಾಗ ಹತ್ತಿಕೊಂಡಿತು.

"ನೀ ಹಿಡಿ," ಎಂದು ಉಮಾದೇವಿ ರಿಮೋಟನ್ನು ರಿಹಾನಳ ಕೈಗೆ ಕೊಟ್ಟಳು.

ರಿಹಾನ ದುಪಟ್ಟಾ ಸೊಂಟಕ್ಕೆ ಬಿಗಿದು, ಬೆರಳಿನಿಂದ ವೇಗ ಏರಿಸಿದಳು. ಕಾರು ಒಮ್ಮೆ ಜಗ್ಗಿ, ಧೂಳೆಬ್ಬಿಸಿ ಹೊರಟಿತು. ನೆಲದ ಮೇಲೆ, ತಾನೇ. ಉಮಾದೇವಿಯ ಎದೆಯಲ್ಲಿ ಏನೋ ಆ ಸಪ್ಪಳದ ಜೊತೆಗೇ ಓಡಿತು. ಅಡ್ಡೆಯ ತುದಿ ಹತ್ತಿರ ಬಂದಾಗ ರಿಹಾನ ಬೆರಳು ಬಿಟ್ಟಳು. ಕಾರಿನ ವೇಗ ಕಡಿಮೆಯಾಗಲಿಲ್ಲ.

"ನಿಲ್ಲವಲ್ದು, ಉಮಾ."

"ಬಟನ್ ಬಿಡು."

"ಬಿಟ್ಟೀನಿ ಬೇ, ನೋಡಿಲ್ಲಿ."

"ತಿರುವು, ಕಲ್ಲು ಅದ ಅಲ್ಲಿ, ತಿರುವು."

ಕಾರು ಕಲ್ಲಿನ ರಾಶಿಗೆ ಗೇಣು ದೂರದಲ್ಲಿ ಹೊರಳಿತು. ಗಾಲಿ ಮಾತು ಕೇಳುತ್ತಿತ್ತು, ವೇಗ ಕೇಳುತ್ತಿರಲಿಲ್ಲ. ಕಾರ್ಬೊರೇಟರಿನ ಒಳಗೆ ಕುಸುಬಿ ಅಂಟು ಇನ್ನೂ ಉಳಿದಿದೆ, ಎಂಜಿನ್ನಿಗೆ ಗಾಳಿ ಬಿಡುವ ಪುಟ್ಟ ಬಾಗಿಲನ್ನು ಅದು ಪೂರ್ತಿ ತೆರೆದಂತೆಯೇ ಕಚ್ಚಿ ಹಿಡಿದಿದೆ ಎಂದು ಉಮಾದೇವಿಗೆ ತಿಳಿಯಿತು. ಎಂಜಿನ್ ಆರಿಸುವ ಗುಂಡಿ ಕಾರಿನ ಮೇಲೆಯೇ ಇತ್ತು. ಹಿಡಿಯಲು ಹೋದರೆ ಕಾಲು ಮುರಿಯುವ ಓಟ.

"ಸುತ್ತು ಹಾಕಸ್ತಾ ಇರು," ಎಂದಳು.

ರಿಹಾನ ಸುತ್ತು ಹಾಕಿಸಿದಳು. ಅಡ್ಡೆಯ ನಡುವೆ ಇಬ್ಬರೂ ನಿಂತು ಕಾರು ಹೋದ ಕಡೆಗೆ ತಿರುಗುತ್ತಿದ್ದರು. ಆಗ ಮತ್ತೆ ಫೋನು ಬಂತು. "ಹಿಡಿ, ಹಿಡಿ," ಎಂದು ರಿಮೋಟು ಉಮಾದೇವಿಗೆ ಕೊಟ್ಟು ರಿಹಾನ ಫೋನು ಎತ್ತಿದಳು. "ಬರ್ತೀನವ್ವಾ. ಪೆಟ್ರೋಲ್ ತೀರ್ಲಿ." ಅತ್ತಲಿಂದ ಏನೋ ಕೇಳಿಸಿತು. "ಪೆಟ್ರೋಲ್, ಪೆಟ್ರೋಲ್. ಬಂದು ಹೇಳ್ತೀನಿ."

ಉಮಾದೇವಿಯ ಕಣ್ಣು ಮರಳಿನ ಗುಡ್ಡೆಯ ಮೇಲೆ ನಿಂತಿತು. ಅತ್ತ ತಿರುವಿದರೆ ಕಾರು ಹೂತು ನಿಲ್ಲುತ್ತದೆ. ಮುಂದಿನ ಗಾಲಿ ಹೋದರೂ ಹೋಯಿತು. ರಿಹಾನಳ ಮನೆಯಲ್ಲಿ ಅರ್ಧ ಕಟ್ಟಿದ ಗಂಟುಗಳು, ಬಸುರಿ ಮಗಳು ಒಬ್ಬಳೇ. ಹಿಡಿದಿಟ್ಟುಕೊಳ್ಳುವುದು ಸರಿಯಲ್ಲ.

"ಗುಡ್ಡಿಗಿ ಹೊಡೀಲೇನು? ನಿಂಗ ಹೊತ್ತಾಗ್ತದ."

ರಿಹಾನ ಫೋನನ್ನು ಸೊಂಟದ ಚೀಲಕ್ಕೆ ಇಳಿಬಿಟ್ಟು ಚೀಲದ ಬಾಯಿ ಬಿಗಿದಳು. "ಎಷ್ಟು ತುಂಬೀದಿ?"

"ಬಾಟ್ಲಿ ಪೂರಾ."

"ಮತ್ತ ತಿರುಗ್ಲಿ ಬಿಡು. ನಾವೇನ್ ಮಾಡಾಕಾಗ್ತದ? ನಿಲ್ಲವಲ್ದು."

ಕಲ್ಲಿನ ಮೇಲಿಂದ ಬಸಲಿಂಗಮ್ಮ ಕೂಗಿದಳು, "ಎಣ್ಣಿ ಕೆಟ್ಟದಂದ್ರಿ. ಹೆಂಗ ಓಡಾಕತ್ತದ ನೋಡ್ರಿ."

"ಆಯಿ, ನಿಮ್ಮ ಎಣ್ಣೀಗೇ ಇದು ನಿಲ್ಲವಲ್ದು," ರಿಹಾನ ತಿರುಗಿ ಕೂಗಿದಳು.

"ಚಲೋ ಆಯ್ತಲ್ಲ."

ಈ ಸಲ ಉಮಾದೇವಿಯೂ ನಕ್ಕಳು. ರಿಮೋಟು ಒಬ್ಬರಿಂದ ಒಬ್ಬರಿಗೆ ದಾಟಿತು. ನಡುವೆ ಬಸಲಿಂಗಮ್ಮನ ಕೈಗೂ ಬಂದು, ಕಾರು ಅತ್ತಿತ್ತ ಓಲಾಡಿ, ಇಬ್ಬರೂ ಸೇರಿ ಕಸಿದುಕೊಂಡರು. ಧೂಳು ಮೂವರ ತಲೆಯ ಮೇಲೂ ಕೂತಿತು. ನಾಂದೇಡಿನ ಮಾತು, ಕಾಗದ ಬರೆ, ಫೋನು ಮಾಡು ಎಂಬ ಮಾತು ಯಾರೂ ಎತ್ತಲಿಲ್ಲ. ಸಪ್ಪಳದಲ್ಲಿ ಕೇಳಿಸುತ್ತಲೂ ಇರಲಿಲ್ಲ. ರಿಹಾನಳ ಮೊಣಕೈ ತನ್ನ ಮೊಣಕೈಗೆ ತಾಗಿದ್ದು ಮಾತ್ರ ಉಮಾದೇವಿಗೆ ಗೊತ್ತಿತ್ತು.

ತುಸು ಹೊತ್ತಿಗೆ ಎಂಜಿನ್ನಿನ ದನಿ ತೆಳುವಾಯಿತು.

"ತೀರಾಕ ಬಂತು," ಎಂದಳು ರಿಹಾನ.

ಉಮಾದೇವಿಯ ಕೈಯಲ್ಲಿ ರಿಮೋಟು ಇತ್ತು. ನಿಂತಾಗ ದೂರ ನಡೆದು ತರುವುದು ಬೇಡ, ಕಾಲ ಬಳಿಯೇ ನಿಲ್ಲಲಿ ಎಂದು ಅವಳು ಸುತ್ತನ್ನು ಸಣ್ಣದು ಮಾಡುತ್ತ ಬಂದಳು. ಅದನ್ನು ನೋಡಿದ ರಿಹಾನ ರಿಮೋಟಿಗೆ ಕೈ ಚಾಚಿದಳು.

"ಅಷ್ಟು ಸಣ್ಣ ಸುತ್ತು ಯಾಕ? ಇತ್ತ ತಾ," ಎಂದು ಕಾರನ್ನು ಅಡ್ಡೆಯ ಅಂಚಿನವರೆಗೂ ಹೊರಕ್ಕೆ ತಿರುವಿದಳು.