ಎಲೆಯ ಕೆಳಗಿನ ಕಣ್ಣು

ಮತ್ತೆ ಬಂತು, ನಿನ್ನೆ ಮೂರನೇ ಸಲ ಗೋಡೆಗೆ ಬಿಳಿ ಬಳಿದು ಮುಚ್ಚಿದ್ದೆ, ಈಗ ನೋಡಿದರೆ ತೆಳ್ಳಗೆ ಕೆಂಪು ಗೆರೆ, ಹಣೆ, ಮೂಗು, ತುಟಿ, ಹಾಳಾಗಿ ಹೋಗಲಿ, ಹಳೇ ಕೆಂಪು ಬಣ್ಣದ ಬುದ್ಧಿಯೇ ಇಷ್ಟು, ಬಿಳಿಯನ್ನು ತಿಂದುಕೊಂಡು ಮೇಲೆ ಬರುತ್ತದೆ, ಇಪ್ಪತ್ತೆಂಟು ವರ್ಷ ಬೋರ್ಡು ಬರೆದವನಿಗೆ ಇದೇನು ಹೊಸದೇ, ಆದರೂ ಏಣಿ ಹತ್ತಿ ಉಗುರಲ್ಲಿ ಕೆರೆದು ನೋಡಿದೆ. ಈ ಲೋಗೊ ಹೆದರಿಸುತ್ತೆ ಪೇಂಟ್ರೇ, ಮನಸ್ಸಿಗೆ ಕಷ್ಟ ಅಂತ ಬಂದವರು ಗೇಟಿಂದಲೇ ವಾಪಸ್ ಹೋಗ್ತಾರೆ, ಮುಖ ಬೇಡ, ಒಂದು ಎಲೆ ಬರೀರಿ, ನೋಡಿದ್ರೆ ಹಗುರ ಅನ್ನಿಸ್ಬೇಕು, ಅಂದರು ಈ ಮಾನಸಿಕ ಆರೋಗ್ಯ ಸಂಸ್ಥೆಯ ಡಾಕ್ಟರಮ್ಮ. ಹದಿನಾರು ವರ್ಷ ಅದೇ ಮುಖ ಇಟ್ಕೊಂಡು ಸಂಸ್ಥೆ ನಡೆಸಿದ್ರಲ್ಲ, ಈಗೇನು ಅದಕ್ಕೆ ಕೋರೆಹಲ್ಲು ಬಂತಾ, ಅಂದುಬಿಟ್ಟೆ, ನನ್ನ ಬಾಯಿ ಎಲ್ಲಿ ನಿಲ್ಲುತ್ತದೆ. ಅವರು ನಕ್ಕರು. ಅದು ಯಾರ ಮುಖ ಅಂತ ಅವರಿಗೆ ಗೊತ್ತಿಲ್ಲ.

ತಂಗಿಯದು. ನೋಡದೆ ಮುಖ ಬರೆಯಲು ನನಗೆ ಬರುವುದಿಲ್ಲ, ಇದೇ ಅಂಗಳದಲ್ಲಿ ಬಣ್ಣದ ಡಬ್ಬ ಮಗುಚಿ ಅದರ ಮೇಲೆ ಅವಳನ್ನು ಕೂರಿಸಿದ್ದೆ, ಪಕ್ಕಕ್ಕೆ ತಿರುಗು, ಅಲ್ಲಾಡ್ಬೇಡ. ಒಳಗೆ ಏನ್ ಮಾಡ್ತಾರಣ್ಣ? ತಲೆ ಸಡಿಲ ಆದವರು ಹೇಳಿದ್ದನ್ನ ಕೂತು ಕೇಳ್ತಾರೆ. ಏನ್ ಹೇಳಿದ್ರೂನಾ? ಏನ್ ಹೇಳಿದ್ರೂ. ಅವಳ ತಲೆ ಅಲ್ಲಾಡಲಿಲ್ಲ, ಕಣ್ಣು ಮಾತ್ರ ನನ್ನ ಕಡೆ ಹೊರಳಿತು — ಹಾಗಾದ್ರೆ ನನ್ನನ್ನೂ ಒಂದ್ಸಲ ಒಳಗೆ ಕರ್ಕೊಂಡ್ ಹೋಗ್ತೀಯಾ? ಥೂ, ಏನೇನೋ ಆಡ್ಬೇಡ, ಗದ್ದ ಸೊಟ್ಟ ಆಗುತ್ತೆ. ಆ ಕಣ್ಣನ್ನು ಇದ್ದ ಹಾಗೇ ಬರೆದೆ, ನೋಡುತ್ತಿದ್ದ ಹಾಗೆ. ಆಗಿದ್ದ ಡಾಕ್ಟರು ಬಂದು, ಶಾಂತವಾಗಿರ್ಲಿ, ಕಣ್ಣು ಮುಚ್ಚಿಸಿ ಅಂದರು, ಮೇಲೊಂದು ರೆಪ್ಪೆ ಎಳೆದೆ, ಐದು ನಿಮಿಷದ ಕೆಲಸ.

ಈಗ ಅವಳು ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಹನ್ನೊಂದು ದಿನ, ಮಾತಿಲ್ಲ. ರೀ, ದಿನಾ ಆ ಸಂಸ್ಥೆ ಗೋಡೆ ಬಳೀತೀರಿ, ಅವಳನ್ನ ಅಲ್ಲಿಗೆ ಕರ್ಕೊಂಡ್ ಹೋಗೋಕೆ ನಿಮಗೇನು ಧಾಡಿ, ಅಂತ ಹೆಂಡತಿ. ಎಲ್ಲ ನಾಟಕ, ಎರಡು ದಿನ ಊಟ ಹಾಕ್ಬೇಡ, ಸರಿಹೋಗ್ತಾಳೆ, ಅಂದೆ — ಬಾಗಿಲು ತೆರೆದೇ ಇತ್ತು, ಅವಳ ಕತ್ತು ಒಂದಿಷ್ಟು ಅಲುಗಿತು, ಕೇಳಿಸಿತ್ತು. ಗೇಟಿನವನಿಗೂ ನಾನು ಗೊತ್ತು, ಆಯಾಗೂ ಗೊತ್ತು, ಓ ಇವಳು ಪೇಂಟ್ರ ತಂಗಿಯಂತೆ, ಅನ್ನಿಸಿಕೊಂಡು ಇದೇ ಏಣಿ ಹತ್ತಲೇ ನಾನು, ಆಗದು, ಆಗದು, ಹಸಿರು ಎಲ್ಲಿ, ದಪ್ಪ ಕುಂಚ, ಎಲೆಯನ್ನು ಸರಿಯಾಗಿ ಕಣ್ಣಿನ ಮೇಲೇ ಇಡುತ್ತೇನೆ, ಅಡ್ಡಕ್ಕೆ, ಈ ತುದಿಯಿಂದ ಆ ತುದಿಗೆ, ಅರೆ, ಅಡ್ಡ ಎಲೆಯ ಆಕಾರವೂ ಕಣ್ಣಿನದೇ ಅಲ್ಲವೇ, ಇದು ಯಾಕೆ ಮೊದಲೇ ಹೊಳೆಯಲಿಲ್ಲ.

ಜೇಬಿನಲ್ಲಿ ಫೋನು. ರೀ, ಅವಳು ಗೋಡೆಯಿಂದ ಈ ಕಡೆ ತಿರುಗಿದ್ದಾಳೆ, ರೆಪ್ಪೆ ಮುಚ್ತಾನೇ ಇಲ್ಲ, ನನಗೆ ಭಯ ಆಗ್ತಿದೆ, ಈಗ ಬಾಯಿ ಬಿಟ್ಟಳು, ಅಣ್ಣ ನನ್ನನ್ನ ಪೂರ್ತಿ ಮುಚ್ಚಿ ಆಯ್ತಾ ಕೇಳು, ಅಂತಾಳೆ, ಏನ್ರೀ ಹಾಗಂದ್ರೆ? ಈ ಗೋಡೆಯ ಮೇಲಿನ ಮುಖ ತೆಗೆಯುತ್ತಿದ್ದೇನೆ ಅಂತ ಮನೆಯಲ್ಲಿ ಯಾರಿಗೂ ಹೇಳಿಲ್ಲ ನಾನು, ಪಿಟ್ಟೆಂದಿಲ್ಲ. ಕುಂಚ ಡಬ್ಬಕ್ಕೆ ಹಾಕಿದೆ. ರೀ, ಇದ್ದೀರಾ? ಕರ್ಕೊಂಡ್ ಬಾ, ಆಟೋ ಹಿಡಿ, ಈಗಲೇ. ಹಿಂದಿನ ಗೇಟಿಗಾ? ಅಲ್ಲ ಕಣೇ, ಮುಂದಿನ ಗೇಟಿಗೆ, ಎಲ್ಲರೂ ನೋಡ್ಲಿ, ಇಲ್ಲೇ ನಿಂತಿರ್ತೀನಿ — ಮುಂದಿನ ಗೇಟು ಅಂದರೆ ಇದೇ ಗೋಡೆಯ ಕೆಳಗೆ ಹಾದು ಬರಬೇಕು ಅವಳು, ತಲೆಯೆತ್ತಿ ನೋಡುತ್ತಾಳೆ, ಅಷ್ಟರೊಳಗೆ ಒಣಗಬೇಕು, ಹಸಿರು ಇನ್ನೂ ಹಸಿಯಾಗಿದೆ, ಅದರ ನಡುವೆ ಚುಕ್ಕೆಯಷ್ಟು ಕೆಂಪು, ಇಷ್ಟು ಬೇಗ ಬರಬಾರದು, ಯಾವ ಬಣ್ಣವೂ ಇಷ್ಟು ಬೇಗ ಬರುವುದಿಲ್ಲ, ದುಂಡಗಾಗುತ್ತಿದೆ, ನಾನು ಎಳೆದ ರೆಪ್ಪೆ ಬರಲಿಲ್ಲ, ಅದರ ಕೆಳಗಿನದು ಬಂತು, ಮೊದಲು ಬರೆದದ್ದು, ತೆರೆದದ್ದು, ನನ್ನ ಕಡೆ ಹೊರಳಿದ್ದು, ಎಲೆಯೊಳಗೆ ಕಣ್ಣು, ತೆರೆದ ಕಣ್ಣು, ಕಣ್ಣು