ಕೂಡುಮನೆಯ ಕಂಬ

ನಾನು ಒಂದು ಮರದ ಕಂಬ ಎಂದರೆ ಅರ್ಧ ಸುಳ್ಳಾಗುತ್ತದೆ. ಒಂದೇ ಮರದಿಂದ ಹುಟ್ಟುವ ಅದೃಷ್ಟ ನನಗಿರಲಿಲ್ಲ. ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆಸಿ, ವಯಸ್ಸಾದ ಮೇಲೆ ಕಡಿದ ಸಿಲ್ವರ್ ಮರಗಳ ಹಲಗೆಗಳೇ ನಾನು. ಒಂದು ಹಲಗೆ ಒಂದು ತೋಟದ್ದು, ಅದರ ಪಕ್ಕದ್ದು ಇನ್ನೊಂದರದ್ದು. ಒಂದು ಶೆಡ್ಡಿನಲ್ಲಿ ನಮ್ಮನ್ನು ಒಣಗಿಸಿ, ಅಂಟು ಬಳಿದು, ಒಂದರ ಮೇಲೊಂದು ಪೇರಿಸಿ, ಕಬ್ಬಿಣದ ಪಟ್ಟಿಗಳ ನಡುವೆ ಹಾಕಿ ಬಿಗಿದರು. ಅಬ್ಬಾ, ಏನು ಬಿಗಿತ ಅದು! ಬಿಡಿಸಿದಾಗ ನಾವೆಲ್ಲ ಸೇರಿ ‘ನಾನು’ ಆಗಿದ್ದೆವು. ಆದರೆ ಒಳಗಿನ ಕಿತ್ತಾಟ ಇವತ್ತಿಗೂ ನಿಂತಿಲ್ಲ. ಮಳೆಗಾಲ ಬಂದರೆ ಒಂದು ಹಲಗೆ ಉಬ್ಬುತ್ತೇನೆ ಅನ್ನುತ್ತದೆ, ಪಕ್ಕದ್ದು ಸ್ವಲ್ಪ ತಡಿ ಮಾರಾಯ ಅನ್ನುತ್ತದೆ. ನೋಡುವವರಿಗೆ ನಾನು ಸುಮ್ಮನೆ ನಿಂತ ಹಾಗೆ ಕಾಣುತ್ತೇನೆ. ಸುಮ್ಮನಿರುವುದು ನನಗೆ ಗೊತ್ತೇ ಇಲ್ಲ.

ಲಾರಿ ನನ್ನನ್ನು ಧಾರವಾಡಕ್ಕೆ ತಂದು ಇಳಿಸಿತು. ಅಲ್ಲಿ ನಫೀಸಾ ಮೇಡಂ ಎಂಬ ಆರ್ಕಿಟೆಕ್ಟ್ ಪೂರ್ತಿ ಮರದಲ್ಲೇ ಒಂದು ವಸತಿ ಕಟ್ಟಿಸುತ್ತಿದ್ದರು. ಸುತ್ತ ಮೂರಂತಸ್ತಿನ ಸಣ್ಣ ಸಣ್ಣ ಮನೆಗಳು. ಮನೆ ಸಣ್ಣದಾದರೂ ಜನ ಸೇರಿ ಕೂರಬೇಕಲ್ಲ, ಅದಕ್ಕೆ ಅಂಗಳದ ನಡುವೆ ಎಲ್ಲರಿಗೂ ಸೇರಿದ ಒಂದು ದೊಡ್ಡ ಕೋಣೆ. ಅದಕ್ಕೆ ಅವರು ಇಟ್ಟ ಹೆಸರು ಕೂಡುಮನೆ. ಅದರ ಮಾಡು ಹೊರಲು ನಟ್ಟನಡುವೆ ನನ್ನನ್ನು ನಿಲ್ಲಿಸಿದರು.

ದಾರಿಯಲ್ಲಿ ಹೋಗುವವರು ನಿಂತು ನಗುತ್ತಿದ್ದರು. “ಕಟ್ಟಿಗಿ ಮನೀನ? ಒಂದ ಕಡ್ಡಿ ಗೀರಿದ್ರ ಮುಗೀತಲ್ರೀ!”

“ಒಳಗ ಬಂದು ಕುಂದರ್ರಿ, ಆಮ್ಯಾಲ ನಗ್ರಿ,” ಎನ್ನುತ್ತಿದ್ದರು ಮೇಡಂ. ಬಂದು ಕುಳಿತವರು ಬೇಸಿಗೆಯ ಮಧ್ಯಾಹ್ನವೂ ಏಳಲು ಮನಸ್ಸು ಮಾಡುತ್ತಿರಲಿಲ್ಲ.

ಮೊದಲ ಒಂದು ವರ್ಷ ಕೂಡುಮನೆ ಖಾಲಿ ಬಿದ್ದಿತ್ತು. ಅದಕ್ಕೆ ಜೀವ ತಂದವಳು ಕಾಶವ್ವ. ನೆಲಮಹಡಿಯ ಮನೆಯಲ್ಲಿ ಒಬ್ಬಳೇ ಇದ್ದ ಹೆಂಗಸು. ನಾಲ್ಕಾರು ಹೆಣ್ಣುಮಕ್ಕಳನ್ನು ಸೇರಿಸಿಕೊಂಡು ಜೋಳದ ರೊಟ್ಟಿ ಮಾಡಿ ಮಾರಲು ಶುರುಮಾಡಿದಳು. ಒಲೆ ಹೊರಗಿನ ಕಟ್ಟೆಯ ಮೇಲೆ, ಹಿಟ್ಟು ನಾದಿ ಬಡಿಯುವುದು ಬಾಗಿಲ ಒಳಗೆ. ಪಟಪಟ ಪಟಪಟ, ದಿನವಿಡೀ ಅದೇ ಸದ್ದು. ಅದರ ಮೇಲೆ ಅತ್ತೆಯರ ಸುದ್ದಿ, ಗಂಡಂದಿರ ಸುದ್ದಿ, ಬಿದ್ದು ಬಿದ್ದು ನಗು. ನನ್ನ ತಲೆ ಚಿಟ್ಟು ಹಿಡಿಯುತ್ತಿತ್ತು. ಬೈದುಕೊಳ್ಳುತ್ತಿದ್ದೆ. ಆದರೆ ದಣಿದ ಕಾಶವ್ವ ಬಂದು ನನಗೆ ಬೆನ್ನು ಕೊಟ್ಟು ಕೂತು, “ಸಾಕಾತವ್ವಾ,” ಎಂದಾಗ ನನ್ನ ಹಲಗೆಗಳೆಲ್ಲ ಜಗಳ ಬಿಟ್ಟು ಒಂದಾಗುತ್ತಿದ್ದವು.

ಅವಳಿಗೊಂದು ರೂಢಿ ಇತ್ತು. ಊರು ಏಳುವ ಮೊದಲೇ ಬಂದು, ಕೊಡಗಟ್ಟಲೆ ನೀರು ಸುರಿದು ಕೂಡುಮನೆ ತೊಳೆಯುವುದು. ಉಣ್ಣುವ ವಸ್ತು ಮಾಡುವ ಜಾಗ ಮಡಿಯಾಗಿರಬೇಕು ಎಂಬುದು ಅವಳ ಹಟ. ಅದರಿಂದ ನನಗೇನೂ ಆಗುತ್ತಿರಲಿಲ್ಲ. ನನ್ನ ಬುಡ ನೆಲಕ್ಕೆ ತಾಗದಂತೆ ಮೇಡಂ ಕಬ್ಬಿಣದ ಕಾಲು ಕೊಟ್ಟು, ಗಾಳಿಯಾಡಲು ಸಂದು ಬಿಟ್ಟಿದ್ದರು. ನೀರು ಬರುತ್ತಿತ್ತು, ಹೋಗುತ್ತಿತ್ತು.

ಆಮೇಲೆ ಸೊಸೈಟಿಯ ಕಾರ್ಯದರ್ಶಿ ಇನಾಮತಿಯವರಿಗೆ ಆ ಸಂದು ಅಸಹ್ಯವಾಗಿ ಕಂಡಿತು. ಚೆಂದ ಕಾಣಲಿ ಎಂದು ನೆಲ ಎತ್ತರಿಸಿ ಮಿರಮಿರ ಮಿಂಚುವ ಟೈಲ್ಸ್ ಹಾಕಿಸಿದರು. ಸಂದು ಮುಚ್ಚಿತು. ಅಂದಿನಿಂದ ಕಾಶವ್ವ ಸುರಿದ ನೀರು ಟೈಲ್ಸ್ ಕೆಳಗೆ ಇಳಿದು ನನ್ನ ಬುಡದಲ್ಲೇ ನಿಲ್ಲತೊಡಗಿತು. ನಾನು ಚಡಪಡಿಸಿದೆ. ಅವಳು ಕೊಡ ಎತ್ತಿದಾಗಲೆಲ್ಲ ಬೇಡವೇ ತಾಯಿ, ಬೇಡವೇ ಎಂದು ಒಳಗೇ ಗೋಳಾಡಿದೆ. ಬಾಯಿ ಇಲ್ಲದ ಜನ್ಮ, ಏನು ಮಾಡಲಿ? ಒಂದು ಮುಂಜಾನೆ ಅವಳು ನೆಲ ಒರೆಸುವಾಗ ಬೆರಳು ನನ್ನ ಬುಡದೊಳಗೆ ಹೂತುಹೋಯಿತು. ಅವಳು ಬೆರಳು ನೋಡಿದಳು, ಕೊಡ ನೋಡಿದಳು. ಮುಖ ಬಿಳಿಚಿಕೊಂಡಿತು.

“ಯವ್ವಾ, ನಾನ ಏನ ನಿನಗ ಹಿಂಗ ಮಾಡಿದ್ದು?”

ಸುದ್ದಿ ಹಬ್ಬಿತು. ಇನಾಮತಿಯವರು ಎಲ್ಲರನ್ನೂ ಕೂಡುಮನೆಯಲ್ಲೇ ಸೇರಿಸಿದರು. “ನಾ ಮೊದಲ ಹೇಳಿದ್ದೆ, ಕಟ್ಟಿಗಿ ಹಣೆಬಾರ ಇಷ್ಟ ಅಂತ. ಇದನ್ನ ಕೆಡವೋಣು. ಗಾಡಿ ನಿಲ್ಲಸಾಕರ ಜಾಗ ಆಕ್ಕೈತಿ.”

ನಫೀಸಾ ಮೇಡಂ ನನ್ನ ಬುಡದ ಹತ್ತಿರ ಮಂಡಿಯೂರಿದ್ದರು. “ಕಟ್ಟಿಗಿ ಗಟ್ಟಿ ಐತ್ರಿ. ಬುಡ ಅಷ್ಟ ನೆನದೈತಿ. ಅಷ್ಟ ಕೊಯ್ದು ಕೆಳಗ ಕಲ್ಲು ಕೊಟ್ರ ಮುಗೀತು. ಈ ಟೈಲ್ಸ್ ಯಾರು ಹಾಕಿಸಿದ್ರು?”

“ಅದು ಕಮಿಟಿ ತೀರ್ಮಾನ. ಟೈಲ್ಸ್ ಏನು ನೀರು ಸುರೀತಾವೇನ್ರೀ?” ಇನಾಮತಿಯವರ ದನಿ ಏರಿತು. “ನೀರು ಹಾಕಿದವರು ಯಾರು? ಯಾರೂ ಇಲ್ಲಂದ್ರ ಕಟ್ಟಿಗೀನ ಖೊಟ್ಟಿ ಅಂತ ಅರ್ಥ.”

ಪಕ್ಕದಲ್ಲಿದ್ದ ರೊಟ್ಟಿಯವಳು ಕಾಶವ್ವನ ಸೀರೆ ಹಿಡಿದು ಜಗ್ಗಿದಳು. ಬಾಯಿ ಬಿಟ್ಟರೆ ರೊಟ್ಟಿ ಕೆಲಸ ಹೋಗುತ್ತದೆ, ಬಿಡದಿದ್ದರೆ ಕೂಡುಮನೆಯೇ ಹೋಗುತ್ತದೆ. ಕಾಶವ್ವ ಸೀರೆ ಬಿಡಿಸಿಕೊಂಡು ಎದ್ದು ನಿಂತಳು.

“ನಾ ಹಾಕೇನ್ರಿ ನೀರು. ದಿನಾ ಹಾಕೇನಿ. ಕಂಬದ್ದೇನೂ ತಪ್ಪಿಲ್ಲ. ಅದನ್ನ ಕೆಡವಬ್ಯಾಡ್ರಿ.”

ಇನಾಮತಿಯವರೇ, ನೀವೂ ಎದ್ದು ನಿಮ್ಮ ಟೈಲ್ಸ್ ಮಾತು ಒಪ್ಪಿಕೊಳ್ಳಿ ಎಂದು ನನ್ನ ಜೀವವೆಲ್ಲ ಕೂಗಿತು. ಅವರು ಗಂಟಲು ಸರಿಮಾಡಿಕೊಂಡು, “ಹಂಗಾರ ಕಂಬ ಇರ್ಲಿ, ನಾಳಿಂದ ಇಲ್ಲಿ ರೊಟ್ಟಿ ಬಂದ್,” ಎಂದರು. “ಅವರೊಬ್ಬರದ ಏನು ತಪ್ಪು?” ಎಂದು ಮೇಡಂ ಕೂಗಾಡಿದರು. ಮತಕ್ಕೆ ಹಾಕಿದಾಗ ಕೈ ಎತ್ತಿದವರು ಇನಾಮತಿಯವರ ಕಡೆಗೇ ಹೆಚ್ಚು.

ಜ್ಯಾಕ್ ಕೊಟ್ಟು ಮಾಡು ಎತ್ತಿ, ನನ್ನ ಕೊಳೆತ ಬುಡ ಕೊಯ್ದು, ಕೆಳಗೆ ಕಲ್ಲು ಕೂರಿಸಿದರು. ರೊಟ್ಟಿಯವರು ಕಾಂಪೌಂಡಿನ ಹೊರಗೆ ತಗಡಿನ ಶೆಡ್ಡು ಹಿಡಿದರು. ಬೇಸಿಗೆಯಲ್ಲಿ ಅದು ರೊಟ್ಟಿ ಬೇಯಿಸುವ ಹಂಚಿಗಿಂತ ಮೊದಲೇ ಕಾಯುತ್ತದಂತೆ. ಕೂಡುಮನೆಗೆ ಬೀಗ ಬಿತ್ತು. ಯಾರಾದರೂ ದೊಡ್ಡವರು ಬಂದರೆ ಇನಾಮತಿಯವರು ಬೀಗ ತೆಗೆದು ನನ್ನ ಬೆನ್ನು ತಟ್ಟುತ್ತಾರೆ. “ನೋಡ್ರಿ, ನಮ್ಮದು ಪರಿಸರಸ್ನೇಹಿ ಸೊಸೈಟಿ.” ನನಗೆ ಮೈ ಉರಿಯುತ್ತದೆ. ತಲೆಚಿಟ್ಟು ಎಂದು ಬೈದ ಆ ಪಟಪಟ ಸದ್ದಿಗಾಗಿ ದಿನವಿಡೀ ಕಿವಿಗೊಟ್ಟು ನಿಲ್ಲುತ್ತೇನೆ. ಯಾರೂ ಬರುವುದಿಲ್ಲ.

ಮೊನ್ನೆ ಸಂಕ್ರಮಣದ ಊಟ ಇಲ್ಲೇ ಆಯಿತು. ಸಜ್ಜೆ ರೊಟ್ಟಿಯ ಬುಟ್ಟಿ ಹೊತ್ತು ಕಾಶವ್ವ ಬಂದಳು. ಬಡಿಸಿ ಮುಗಿಸುವ ಹೊತ್ತಿಗೆ ಯಾರದೋ ಮಗು ನೀರಿನ ಗ್ಲಾಸು ಉರುಳಿಸಿತು. ನೀರು ನನ್ನತ್ತ ಹರಿಯಿತು. ಅವಳು ಬುಟ್ಟಿ ಬಿಟ್ಟು ಓಡಿ ಬಂದು, ಮಂಡಿಯೂರಿ, ಸೆರಗಿನಿಂದ ಒರೆಸತೊಡಗಿದಳು.

“ಇರ್ಲಿ ಬಿಡ್ರಿ ಕಾಶವ್ವ,” ಎಂದರು ಇನಾಮತಿಯವರು ನಗುತ್ತಾ. “ಈಗ ಕೆಳಗ ಕಲ್ಲೈತಿ. ನೀರು ಬಿದ್ರ ಏನೂ ಆಗೂದಿಲ್ಲ.”

ಅವಳು ತಲೆ ಎತ್ತಿದಳು. “ಏನೂ ಆಗೂದಿಲ್ಲಂದ್ರ, ನಮ್ಮನ್ನ ಯಾಕ ಹೊರಗ ಇಟ್ಟೀರಿ ಸರ್ರ?”

ಉಣ್ಣುತ್ತಿದ್ದವರ ಕೈ ನಿಂತಿತು. ಅವಳು ಸೆರಗು ಹಿಂಡಿಕೊಂಡು, ಖಾಲಿ ಬುಟ್ಟಿ ಎತ್ತಿಕೊಂಡು ಹೊರಟುಹೋದಳು.

ಅಂದಿನಿಂದ ಆ ಮಾತಿಗೆ ಯಾರಾದರೂ ಉತ್ತರ ಹೇಳುತ್ತಾರೇನೋ ಎಂದು ಕಾಯುತ್ತಿದ್ದೇನೆ. ಈ ಕಲ್ಲಿನ ಮೇಲೆ ನಾನು ನೂರು ವರ್ಷ ನಿಲ್ಲುತ್ತೇನಂತೆ. ಕಾಯಲು ನನಗೆ ಸಮಯವಿದೆ. ಕಾಶವ್ವನಿಗೆ ಇಲ್ಲ.