ಒಳಜೇಬಿನ ‘ಗಿವ್ ಅಪ್’

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಇಂಗ್ಲಿಷ್ ಮೇಷ್ಟ್ರು. ಯಾವ ಮಾತಿಗೂ ಬಾಯಲ್ಲಿ ಅರ್ಥ ಹೇಳಿದವರೇ ಅಲ್ಲ, ಮಾಡಿಯೇ ತೋರಿಸಬೇಕು. ‘ಪುಟ್ ಆನ್’ ಎಂದರೆ ಸುಡುಬೇಸಿಗೆಯಲ್ಲೂ ತಮ್ಮ ಬೂದು ಕೋಟನ್ನು ತೊಡುವರು, ‘ಟೇಕ್ ಆಫ್’ ಎಂದರೆ ಕಳಚುವರು, ‘ಸಿಟ್ ಡೌನ್’ ಎನ್ನುತ್ತ ಕಾಲು ಮುರಿದ ಕುರ್ಚಿಯ ಮೇಲೆ ಕೂತು ನೆಲ ಕಂಡದ್ದೂ ಉಂಟು. ಆ ಕೋಟಿನ ಗುಂಡಿಗಳನ್ನು ನಾನೇ ಎಷ್ಟು ಸಲ ಹೊಲಿದುಕೊಟ್ಟೆನೋ, ಅದಿರಲಿ, ಎಲ್ಲಿದ್ದೆ? ಹಾಂ, ‘ಗಿವ್ ಅಪ್’.

ಆ ಪಾಠದ ದಿನ ಒಳಜೇಬಿನಿಂದ ಒಂದು ಸಿಗರೇಟು ತೆಗೆದು, ಇಡೀ ತರಗತಿ ಉಸಿರು ಬಿಗಿಹಿಡಿದು ನೋಡುತ್ತಿರುವಾಗ ಎರಡು ತುಂಡು ಮಾಡಿ ಕಿಟಕಿಯಾಚೆ ಎಸೆದು, “ಐ ಗಿವ್ ಇಟ್ ಅಪ್” ಎನ್ನುವರಂತೆ. ಮದುವೆಯಾದ ಮರುವರ್ಷ, ಹೀಗೆ ಮಕ್ಕಳೆದುರೇ ಸಿಗರೇಟು ಬಿಟ್ಟುಬಂದೆನೆಂದು ಭಾವ ಹೇಳಿದ್ದನ್ನು ಅಕ್ಕ ಕಣ್ಣುಮುಚ್ಚಿ ನಂಬಿದ್ದಳು. ಕೋಟು ಹೊಗೆ ನಾರಿದರೆ ಸ್ಟಾಫ್ ರೂಮಿನ ಉಳಿದವರಿಗೆಲ್ಲ ಶಾಪ ಹಾಕಿ ಬಿಸಿಲಿಗೆ ಹರವುತ್ತಿದ್ದಳು, ಪಾಪ.

ನಿವೃತ್ತಿಯಾದ ಮೇಲೆ ಭಾವನಿಗೆ ಕೆಮ್ಮು ಹಿಡಿಯಿತು. ಅಕ್ಕ ಕರೆದೊಯ್ದ ಡಾಕ್ಟರು ಅವರ ಹಳೆಯ ಶಿಷ್ಯನೇ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ ಅಕ್ಕನ ಕಡೆ ತಿರುಗಿದ.

“ಇದು ಇವತ್ತಿಗೂ ಸೇದೋರ ಎದೆ. ಹೀಗೇ ಮುಂದುವರಿದ್ರೆ ಇನ್ನೊಂದು ವರ್ಷ ಕಷ್ಟ. ಆದ್ರೆ ಮೇಷ್ಟ್ರು ಸಿಗರೇಟು ಬಿಟ್ಟ ದಿನ ನಾನು ಮುಂದಿನ ಬೆಂಚಲ್ಲೇ ಇದ್ನಲ್ಲಮ್ಮ. ಅದನ್ನ ನೋಡೇ ನಾನು ಇವತ್ತಿನವರೆಗೂ ಮುಟ್ಟಿಲ್ಲ.”

ಬಿ.ಪಿ. ನೋಡುತ್ತಿದ್ದ ನರ್ಸಮ್ಮನೂ ಅದೇ ಶಾಲೆಯವಳು, ಅವನಿಗಿಂತ ಆರು ವರ್ಷ ಚಿಕ್ಕವಳು. ತಲೆಯೆತ್ತಿ, “ಇಲ್ಲ ಸಾರ್, ಬಿಟ್ಟಿದ್ದು ನಮ್ಮ ಕ್ಲಾಸಲ್ಲಿ” ಎಂದಳು.

ಅಕ್ಕನಿಗೆ ಕೂತ ಕುರ್ಚಿಯೇ ಕುಸಿದಂತಾಯಿತು. ತಾನು ನಂಬಿದ್ದು ಇವರಿಬ್ಬರೂ ಶಾಲೆ ಸೇರುವುದಕ್ಕೂ ಮುಂಚೆ! ಮೂವತ್ತು ವರ್ಷ ಒಗೆದ ಕೋಟು, ಸುಮ್ಮಸುಮ್ಮನೆ ಬೈಸಿಕೊಂಡ ಸ್ಟಾಫ್ ರೂಮು, ಎಲ್ಲ ಒಟ್ಟಿಗೇ ನೆನಪಾದವು. ಭಾವನತ್ತ ತಿರುಗಿ ಮೆಲ್ಲಗೆ ಕೇಳಿದಳು: “ಎಷ್ಟು ಸಲ ಬಿಟ್ರಿ?”

“ಪ್ರತಿ ವರ್ಷ. ಬಿಡುವಾಗ ನಿಜವಾಗ್ಲೂ ಬಿಡ್ತಿದ್ದೆ ಕಣೇ. ಸಂಜೆ ಬೆಲ್ ಹೊಡೆಯೋವರೆಗೆ.”

ಡಾಕ್ಟರು ಆಗಲೂ ಮುಂದಿನ ಬೆಂಚಿನವನಂತೆ ಅವರನ್ನೇ ನೋಡುತ್ತಿದ್ದ. ಆ ನೋಟಕ್ಕೆ ಭಾವನ ತಲೆ ತಗ್ಗಿತು. ಒಳಜೇಬಿನಿಂದ ಪೊಟ್ಟಣವನ್ನೇ ತೆಗೆದು, ಮುರಿಯದೆ, ಇಂಗ್ಲಿಷಿನ ಒಂದಕ್ಷರ ಆಡದೆ, ಅಕ್ಕನ ಅಂಗೈಯಲ್ಲಿಟ್ಟರು. ಮನೆಗೆ ಬಂದವಳೇ ಅಕ್ಕ ಆ ಜೇಬಿನ ಬಾಯಿ ಹೊಲಿದುಬಿಟ್ಟಳು. ಹೊಲಿಗೆ ಇಂದಿಗೂ ಬಿಚ್ಚಿಲ್ಲ.

ಮಾಡಿ ತೋರಿಸುವ ಮೇಷ್ಟ್ರುಗಳೆಲ್ಲ ಹೀಗೆಯೇ ಇರಬೇಕು. ಅವರ ಪಾಠ ಎದುರು ಕೂತವರಿಗೆ ಅಂದೇ ಮುಟ್ಟುತ್ತದೆ. ಹಲಗೆಗೆ ಬೆನ್ನು ಮಾಡಿ ನಿಂತವರಿಗೆ ಮುಟ್ಟಲು ಒಂದು ಆಯುಷ್ಯವೇ ಹಿಡಿಯುತ್ತದೆ.